ಚಿಪ್ಪಿನೊಳಗಿನ ಬೆಳಕು: ಟ್ರಾಂಬೆಯಿಂದ ಐರೋಲಿಯವರೆಗೆ

ಅರೆವಾಹಕ ಲೇಸರ್ ಎಂದರೆ ವಿದ್ಯುತ್ತನ್ನು ನೇರವಾಗಿ ಲೇಸರ್ ಬೆಳಕಾಗಿಸುವ, ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಹರಳು. ಥಾಣೆ–ಬೇಲಾಪುರ ರಸ್ತೆಯುದ್ದಕ್ಕೂ ಐರೋಲಿ, ರಬಾಳೆ, ಮಹಾಪೆಗಳಲ್ಲಿ ಎದ್ದಿರುವ ಡೇಟಾ ಸೆಂಟರ್‌ಗಳ ಫೈಬರ್ ತಂತಿಗಳಲ್ಲಿ ಹರಿಯುವುದು ಇಂಥ ಹರಳುಗಳ ಬೆಳಕು.

ಖಾಡಿಯ ಆಚೆ ದಡದಲ್ಲಿ

ಅಮೆರಿಕದಲ್ಲಿ ರಾಬರ್ಟ್ ಹಾಲ್ ಅವರ ತಂಡ ಮೊದಲ ಗ್ಯಾಲಿಯಂ ಆರ್ಸೆನೈಡ್ ಲೇಸರನ್ನು ಬೆಳಗಿಸಿದ್ದು 1962ರಲ್ಲಿ. 1964ರಲ್ಲೇ ಟ್ರಾಂಬೆಯ ಅಣುಶಕ್ತಿ ಕೇಂದ್ರದವರು ಅದೇ ಬಗೆಯ ಲೇಸರನ್ನು ಸ್ವತಃ ತಯಾರಿಸಿದರು. ಆ ಕೇಂದ್ರಕ್ಕೆ ಆಗಿನ್ನೂ ಭಾಭಾ ಹೆಸರು ಬಂದಿರಲಿಲ್ಲ. ಥಾಣೆ ಖಾಡಿಯ (ಕಡಲ ಹಿನ್ನೀರಿನ) ಈಚೆ ನವಿಮುಂಬಯಿ ಹುಟ್ಟಿರಲಿಲ್ಲ. ಅದೇ ದಶಕದಲ್ಲಿ ಟ್ರಾಂಬೆಯಿಂದ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಲೇಸರ್ ಬೆಳಕಿನ ಮೂಲಕ ಸಂದೇಶವನ್ನೂ ಕಳಿಸಿದರು. ಇದು ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿರಬೇಕಾದ ಸಾಹಸ.

ಸಿಲಿಕಾನ್ ಒಂದೇ ಸಾಲದು

ಕಂಪ್ಯೂಟರ್ ಚಿಪ್ಪಿನ ಸಿಲಿಕಾನ್ ಬೆಳಕನ್ನು ಚೆನ್ನಾಗಿ ಸಾಗಿಸುತ್ತದೆ, ಆದರೆ ಹುಟ್ಟಿಸಲಾರದು. ಅದರ ಎಲೆಕ್ಟ್ರಾನು ಇಳಿಯುವಾಗ ಶಕ್ತಿ ಬಹುಪಾಲು ಶಾಖವಾಗಿ ಹೋಗುತ್ತದೆ. ಬೆಳಕಿಗೆ ಗ್ಯಾಲಿಯಂ ಆರ್ಸೆನೈಡ್ ಅಥವಾ ಇಂಡಿಯಂ ಫಾಸ್ಫೈಡ್ ಬೇಕು. 2006ರಲ್ಲಿ ಇಂಟೆಲ್ ಮತ್ತು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇಂಡಿಯಂ ಫಾಸ್ಫೈಡನ್ನು ಸಿಲಿಕಾನಿಗೆ ಬೆಸೆದು ಲೇಸರ್ ಮಾಡಿ ತೋರಿಸಿದರು. ಇಂದಿನ ಸಿಲಿಕಾನ್ ಬೆಳಕಿನ ಚಿಪ್ಪುಗಳಲ್ಲಿ ಬೆಳಕು ಹರಿಯುವ ಕಾಲುವೆಯ ಅಗಲ ಸಾಮಾನ್ಯವಾಗಿ ಸುಮಾರು 500 ನ್ಯಾನೋಮೀಟರ್.

ಒಂದೇ ಒಂದು ಫೋಟಾನ್

ಕ್ವಾಂಟಂ ಸಂವಹನದಲ್ಲಿ ಸುದ್ದಿ ಹೊರುವುದು ಒಂಟಿ ಫೋಟಾನ್, ಅಂದರೆ ಬೆಳಕಿನ ಒಂದೇ ಕಣ. 1550 ನ್ಯಾನೋಮೀಟರಿನ ಬೆಳಕು ಒಳ್ಳೆಯ ಫೈಬರಿನಲ್ಲೂ 15 ಕಿ.ಮೀ. ಸಾಗುವಷ್ಟರಲ್ಲಿ ಅರ್ಧವಾಗುತ್ತದೆ. ಅಂದರೆ ಥಾಣೆಯಿಂದ ಹೊರಟ ಫೋಟಾನ್‌ಗಳಲ್ಲಿ ಡೊಂಬಿವಲಿ ಮುಟ್ಟುವುದು ಅರ್ಧವೇ. ಮಾಮೂಲಿ ಸಂಕೇತವಾದರೆ ನಡುವೆ ಬಲಪಡಿಸಿ ಕಳಿಸಬಹುದು. ಆದರೆ ಒಂಟಿ ಫೋಟಾನಿನ ಅಪರಿಚಿತ ಸ್ಥಿತಿಯನ್ನು ನಕಲು ಮಾಡಲು ಆಗದು ಎಂಬುದು 1982ರಲ್ಲೇ ಸಾಬೀತಾಗಿದೆ. ಕದ್ದು ಕೇಳುವವನಿಗೂ ಅದೇ ತಡೆ. ಹಾಗಾಗಿ ಬೇಕೆಂದಾಗ ಒಂದೇ ಫೋಟಾನ್ ಕೊಡುವ ಕ್ವಾಂಟಂ ಚುಕ್ಕೆ, ಫೋಟಾನ್ ಜೋಡಿ ಹುಟ್ಟಿಸುವ ಸಿಲಿಕಾನ್ ಕಾಲುವೆ, ಅವಕ್ಕೆ ಬೆಳಕೂಡಿಸುವ ಲೇಸರ್ ಇವೆಲ್ಲವನ್ನೂ ಒಂದೇ ಚಿಪ್ಪಿನಲ್ಲಿ ಕೂಡಿಸುವ ಪ್ರಯತ್ನ ಜಗತ್ತಿನಾದ್ಯಂತ ನಡೆದಿದೆ.

ಈಗ ಆಗಬೇಕಾದ್ದು

2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನ ಮೊತ್ತ 6,003.65 ಕೋಟಿ ರೂಪಾಯಿ. ಅದರ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗ್ ವಿಭಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಂವೇದನ ಮತ್ತು ಮಾಪನ ವಿಭಾಗ ಪವಾಯಿಯ ಐಐಟಿಗೆ ಸಿಕ್ಕಿವೆ. ಬೆಳಕನ್ನು ಬಳಸುವ ಕಟ್ಟಡಗಳು ನಮ್ಮ ಸುತ್ತ ಸಾಕಷ್ಟಿವೆ. ಬೆಳಕಿನ ಚಿಪ್ಪು ಮಾಡಬಲ್ಲ ಕೈಗಳು ಸಾಲವು. ಕಲ್ಯಾಣ್, ಡೊಂಬಿವಲಿಗಳಲ್ಲಿ ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್ ಓದುತ್ತಿರುವ ಕನ್ನಡದ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆ ಅರ್ಜಿ ಹಾಕುವ ಮುನ್ನ ಪವಾಯಿಯ ಪ್ರಯೋಗಾಲಯಗಳನ್ನೂ ಒಮ್ಮೆ ವಿಚಾರಿಸಲಿ.