ಕೂಡಿಕೊಳ್ಳದ ದೋಣಿಮೂಳೆ

ಮಳೆಗಾಲದಲ್ಲಿ ಸಂತೆಕಟ್ಟೆಯ ಕಡೆ ಅಂಗಳದ ಪಾಚಿಗೆ ಕಾಲು ಜಾರಿದವರು ಮೊದಲು ಅಂಗೈ ಊರುತ್ತಾರೆ. ಮಣಿಕಟ್ಟು ತುಸು ಬಾತು, ನಾಲ್ಕು ದಿನದಲ್ಲಿ ಇಳಿಯುತ್ತದೆ. ಉಳುಕು ಎಂದುಕೊಂಡು ಎಣ್ಣೆ ತಿಕ್ಕಿ ಮರೆಯುತ್ತಾರೆ. ಆರು ತಿಂಗಳ ಅನಂತರ ಕೊಡಪಾನ ಎತ್ತಲಾಗದೆ ವೈದ್ಯರ ಬಳಿ ಹೋದಾಗ, ಒಳಗೊಂದು ಮೂಳೆ ಎರಡು ತುಂಡಾಗಿಯೇ ಉಳಿದಿರುವುದು ಗೊತ್ತಾಗುತ್ತದೆ.

ಆ ಮೂಳೆ ಎಲ್ಲಿದೆ? ನಿಮ್ಮ ಹೆಬ್ಬೆರಳನ್ನು ಹಿಂದಕ್ಕೆ ಚಾಚಿ ನೋಡಿ. ಬುಡದಲ್ಲಿ ಒಂದು ಗುಳಿ ಬೀಳುತ್ತದೆ. ಯುರೋಪಿನವರು ಆ ಗುಳಿಯಲ್ಲಿ ನಶ್ಯ ಇಟ್ಟು ಸೇದುತ್ತಿದ್ದುದರಿಂದ ವೈದ್ಯಶಾಸ್ತ್ರದಲ್ಲಿ ಅದಕ್ಕೆ ನಶ್ಯದ ಡಬ್ಬಿಯೆಂದೇ ಹೆಸರು. (ನಮ್ಮ ಅಜ್ಜಂದಿರಿಗೆ ಚಿಟಿಕೆಯೇ ಸಾಕಿತ್ತು.) ಗುಳಿಯ ತಳದಲ್ಲಿ, ಗೋಡಂಬಿಯಂತೆ ಬಾಗಿದ ಸ್ಕೇಫಾಯಿಡ್ ಇದೆ. ಗ್ರೀಕ್ ಭಾಷೆಯ ದೋಣಿ ಎಂಬ ಪದದಿಂದ ಬಂದ ಹೆಸರಿದು.

ಈ ಮೂಳೆಗೆ ನೆತ್ತರು ಬಹುಪಾಲು ಬೆರಳಿನ ಕಡೆಯಿಂದ ಹೊಕ್ಕು ಮುಂಗೈ ಕಡೆಗೆ ಹಿಂದಿರುಗಿ ಹರಿಯುತ್ತದೆ. ನಡುವೆ ಮುರಿದರೆ, ತೋಡಿಗೆ ಕಟ್ಟ ಹಾಕಿದಾಗ ಕೆಳಗಿನ ಗದ್ದೆ ಒಣಗುವಂತೆ, ಒಳತುಂಡು ಸೊರಗುತ್ತದೆ. ಹಾಗೆಯೇ ಬಿಟ್ಟರೆ ವರ್ಷಗಳು ಕಳೆದಂತೆ ಮಣಿಕಟ್ಟಿನ ಕೀಲೇ ಸವೆಯುತ್ತದೆ. ಗಾರೆ ಕೆಲಸದವನಿಗೂ ಬಲೆ ಎಳೆಯುವವನಿಗೂ ಅದು ಅನ್ನದ ಪ್ರಶ್ನೆ.

1895ರಲ್ಲಿ ರಾಂಟ್ಜನ್ ಕ್ಷಕಿರಣ ಕಂಡುಹಿಡಿಯುವವರೆಗೆ ಇಂತಹ ಮುರಿತಗಳು ಹೆಚ್ಚಾಗಿ ಉಳುಕಿನ ಲೆಕ್ಕಕ್ಕೇ ಹೋಗುತ್ತಿದ್ದವು. ಈಗಲೂ ಮೊದಲ ದಿನದ ಎಕ್ಸ್-ರೇಯಲ್ಲಿ ಬಿರುಕು ಕಾಣದಿರಬಹುದು. ಗುಳಿಯಲ್ಲಿ ಒತ್ತಿದರೆ ನೋವಿದ್ದಲ್ಲಿ ಸುಮಾರು ಎರಡು ವಾರದ ಅನಂತರ ಮತ್ತೊಮ್ಮೆ ತೆಗೆಸುವುದು ಇದಕ್ಕಾಗಿಯೇ. ಹಿಂದೆ, ಕೂಡದ ತುಂಡನ್ನು ಕಿತ್ತು ಹಾಕುವುದೂ ಒಂದು ಚಿಕಿತ್ಸೆಯಾಗಿತ್ತು. ನೋವು ಕಡಿಮೆಯಾದರೂ ಕೈಯ ಬಲ ಕುಂದುತ್ತಿತ್ತು.

ಉಡುಪಿಯಲ್ಲಿ ಬಾಸೆಲ್ ಮಿಷನ್ನಿನ ವೈದ್ಯೆ ಈವಾ ಲೊಂಬಾರ್ಡ್ ಆಸ್ಪತ್ರೆ ತೆರೆದದ್ದು 1923ರಲ್ಲಿ. ಐದು ವರ್ಷಗಳ ಬಳಿಕ, 1928ರಲ್ಲಿ, ಅಮೆರಿಕದ ಆಡಮ್ಸ್ ಮತ್ತು ಲಿಯೊನಾರ್ಡ್ ಸ್ಕೇಫಾಯಿಡ್‌ಗೆ ಮೂಳೆಕಸಿ ಮಾಡಿದ್ದನ್ನು ವರದಿ ಮಾಡಿದರು. 1937ರಲ್ಲಿ ಬಾಸೆಲ್‌ನಂತೆಯೇ ಸ್ವಿಟ್ಜರ್ಲೆಂಡಿನದಾದ ಬರ್ನ್ ನಗರದ ಮಾಟ್ಟಿ, ತುಂಡುಗಳ ಒಳಭಾಗವನ್ನು ಕೊರೆದು ರೋಗಿಯದೇ ಮೆದು ಮೂಳೆಯನ್ನು ತುಂಬಿದರು. ಅವರು ಹೊಕ್ಕದ್ದು ಕೈಯ ಹಿಂಬದಿಯಿಂದ. ನೆತ್ತರಿನ ಮುಖ್ಯ ದಾರಿಯೂ ಅಲ್ಲೇ! 1960ರಲ್ಲಿ ವಿಯೆನ್ನಾದ ರೂಸ್ ಅಂಗೈ ಬದಿಯಿಂದ ಹೊಕ್ಕು ಆ ದಾರಿಯನ್ನು ಉಳಿಸಿಕೊಂಡರು. ನನಗೆ ಇಡೀ ಕಥೆಯಲ್ಲಿ ಜಾಣತನವೆನಿಸುವುದು ಈ ತಿರುವು.

1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದ ಮೇಲೆ, ಸಂತೆಕಟ್ಟೆಯವರಿಗೆ ಇಂತಹ ವಿದ್ಯೆ ಕಲಿಸುವ ಮನೆ ಕೆಲವೇ ಕಿಲೋಮೀಟರ್ ದೂರಕ್ಕೆ ಬಂತು. 1984ರಲ್ಲಿ ಸಿಡ್ನಿಯ ಹರ್ಬರ್ಟ್ ತಲೆಯಿಲ್ಲದ ತಿರುಪು ಮೊಳೆಯನ್ನು ಪ್ರಕಟಿಸಿದರು. ಅದರ ಎರಡು ತುದಿಗಳ ಸುರುಳಿಯ ಅಂತರ ಬೇರೆ ಬೇರೆ. ತಿರುಗಿಸಿದಂತೆ ತುಂಡುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. 1991ರಲ್ಲಿ ಅರ್ಜೆಂಟೀನಾದ ಜೈಡೆಂಬರ್ಗ್, ಮುಂಗೈ ಮೂಳೆಯ ಚೂರನ್ನು ಅದರ ರಕ್ತನಾಳದ ಸಮೇತ ತಿರುಗಿಸಿ ತಂದು ಕೂರಿಸಿದರು. ಒಣಗಿದ ಗದ್ದೆಗೆ ತೋಡನ್ನೇ ತಂದಂತೆ.

ಆದರೂ ಕಸಿ ಹಿಡಿಯಲು ತಿಂಗಳುಗಳೇ ಬೇಕು, ಬೀಡಿ ಸೇದುವವರಲ್ಲಿ ಅದು ಹಿಡಿಯದೆ ಹೋಗುವುದೂ ಹೆಚ್ಚು. ಕೀಲು ಪೂರ್ತಿ ಸವೆದ ಮೇಲೆ ಬಂದವರಿಗೆ ಈ ಶಸ್ತ್ರಚಿಕಿತ್ಸೆ ಒದಗುವುದಿಲ್ಲ. ಕೆಲವು ಮೂಳೆಗಳನ್ನು ಬೆಸೆದು, ಕೈಯ ಬಾಗುವಿಕೆಯನ್ನು ಕೊಟ್ಟು ನೋವಿಲ್ಲದಿರುವುದನ್ನು ಪಡೆಯಬೇಕಾಗುತ್ತದೆ.