ದೀಪ ಹಿಡಿದವಳ ನಿದ್ರೆ

ಪ್ರತಿ ವರ್ಷ ಮೇ 12ರಂದು ನಮ್ಮ ಆಸ್ಪತ್ರೆಗಳಲ್ಲಿಯೂ ಶುಶ್ರೂಷಾ ಶಾಲೆಗಳಲ್ಲಿಯೂ ದಾದಿಯರ ದಿನವನ್ನು ಆಚರಿಸುತ್ತಾರೆ. ಬಿಳಿಯ ಉಡುಪಿನ ಹೆಣ್ಣುಮಕ್ಕಳು ಕೈಯಲ್ಲಿ ದೀಪ ಹಿಡಿದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ತ್ಯಾಗ, ಸಹನೆ, ಮಾತೃವಾತ್ಸಲ್ಯ ಎಂಬ ಮಾತುಗಳು ವೇದಿಕೆಯ ಮೇಲಿನಿಂದ ತಪ್ಪದೆ ಕೇಳಿಬರುತ್ತವೆ. ಆದರೆ ರಾತ್ರಿ ಪಾಳಿ ಮುಗಿಸಿಕೊಂಡು ಬಂದು ಆ ಸಾಲಿನಲ್ಲಿ ನಿಂತಿರುವ ಹುಡುಗಿ ಎಷ್ಟು ಹೊತ್ತು ನಿದ್ರೆ ಮಾಡಿದ್ದಾಳೆ ಎಂದು ಯಾರೂ ಕೇಳುವುದಿಲ್ಲ. ಇದು ಇಂದಿನ ಪ್ರಶ್ನೆಯಲ್ಲ. ಅಂದು ಯಾರ ಜನ್ಮದಿನವೋ ಆ ಫ್ಲಾರೆನ್ಸ್ ನೈಟಿಂಗೇಲಳ ಕಾಲದಲ್ಲಿಯೇ ಅದು ಎದ್ದಿತ್ತು. ಆಕೆ ಅದಕ್ಕೆ ಉತ್ತರವನ್ನೂ ಕೊಟ್ಟಿದ್ದಳು. ಆ ಉತ್ತರದ ಅರ್ಧವನ್ನು ನಾವು ಮರೆತಿದ್ದೇವೆಂಬುದು ನನ್ನ ಭಾವನೆ.

ಮೊದಲು ಆ ದೀಪದ ಸಂಗತಿಯನ್ನೇ ನೋಡೋಣ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ನವೆಂಬರಿನಲ್ಲಿ, ನೈಟಿಂಗೇಲ್ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. 1855ರ ಫೆಬ್ರವರಿಯಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು, ಆಕೆ ರಾತ್ರಿಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ನಡೆಯುತ್ತಿರುವ ಚಿತ್ರವನ್ನು ಪ್ರಕಟಿಸಿತು. ಆಕೆ ನಿಜವಾಗಿ ಬಳಸುತ್ತಿದ್ದುದು ಮಡಿಸಿಡಬಹುದಾದ ತುರ್ಕಿ ಲಾಂದ್ರ. ಜನಮನದಲ್ಲಿ ಉಳಿದದ್ದು ಅಂಗೈಯಲ್ಲಿ ಹಿಡಿಯುವ ಗ್ರೀಕ್ ಮಾದರಿಯ ದೀಪ. ಇದು ಚಿಕ್ಕ ತಪ್ಪೆನ್ನಬಹುದು. ಆದರೆ ಅದೇ ಚಿತ್ರ ಆಕೆಯ ಕೆಲಸದ ದೊಡ್ಡ ಪಾಲನ್ನೂ ಮರೆಮಾಡಿತು. ಅಡಿಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ, ಸಾಮಾನಿನ ಲೆಕ್ಕ, ಸರ್ಕಾರಕ್ಕೆ ಬರೆದ ಪತ್ರಗಳು ಎಲ್ಲವೂ ಹಿಂದೆ ಸರಿದವು. ನಿದ್ರೆಗೆಟ್ಟ ಹೆಂಗಸೊಬ್ಬಳೇ ಶುಶ್ರೂಷೆಯ ಲಾಂಛನವಾದಳು.

ನಿದ್ರೆಗೆಟ್ಟದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. 1855ರ ಮೇ ತಿಂಗಳಲ್ಲಿ ಬಾಲಕ್ಲಾವಾದಲ್ಲಿ ಜ್ವರ ಬಂದು ಆಕೆ ಸಾವಿನ ಹತ್ತಿರ ಹೋಗಿ ಬಂದಳು. 1856ರಲ್ಲಿ ಊರಿಗೆ ಮರಳಿದವಳು ವಿಶ್ರಮಿಸದೆ ಸೈನ್ಯದ ಆರೋಗ್ಯದ ವರದಿಗಳಲ್ಲಿ ಮುಳುಗಿದಳು. 1857ರ ಆಗಸ್ಟಿನಲ್ಲಿ ಶರೀರ ಪೂರ್ತಿ ಕೈಕೊಟ್ಟಿತು. ಆಗ ಆಕೆಗೆ 37 ವರ್ಷ. ಮುಂದೆ ಹಲವು ದಶಕಗಳ ಬಹುಪಾಲನ್ನು ಕೋಣೆಯಲ್ಲಿಯೇ, ಎಷ್ಟೋ ವೇಳೆ ಹಾಸಿಗೆಯಲ್ಲಿಯೇ, ಕಳೆದಳು. ಅದು ಪ್ರಾಣಿಗಳ ಹಾಲಿನಿಂದ ಹರಡುವ ಬ್ರುಸೆಲ್ಲೋಸಿಸ್ ಎಂಬ ರೋಗದ ಫಲವಿರಬೇಕೆಂದು 1995ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಾದ ಮಂಡನೆಯಾಯಿತು. ಕಾರಣ ರೋಗಾಣುವಾಗಿರಲಿ, ಮಿತಿಮೀರಿದ ದುಡಿಮೆಯಾಗಿರಲಿ, ದಣಿವೆಂದರೇನೆಂಬುದನ್ನು ಆಕೆ ತನ್ನ ಮೈಯಿಂದಲೇ ಬಲ್ಲಳು.

ಆದರೆ ಆಕೆಯ ವಿವೇಕ ಈ ಕಾಯಿಲೆಗಿಂತ ಹಳೆಯದು. 1853ರಲ್ಲಿ, ಯುದ್ಧಕ್ಕೆ ಮೊದಲೇ, ಲಂಡನ್ನಿನ ಹಾರ್ಲಿ ಬೀದಿಯಲ್ಲಿ ರೋಗಿಗಳಾದ ಕುಲೀನ ಸ್ತ್ರೀಯರ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಣೆಯನ್ನು ಆಕೆ ಒಪ್ಪಿಕೊಂಡಳು. ಆಡಳಿತ ಮಂಡಲಿಯ ಮುಂದೆ ಇಟ್ಟ ಬೇಡಿಕೆಗಳು ಗಮನಾರ್ಹವಾದವು. ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು ಬರಬೇಕು. ರೋಗಿಗಳ ಊಟ ಮೇಲಕ್ಕೇರಲು ಎತ್ತುಯಂತ್ರವೊಂದಿರಬೇಕು. ಯಾವ ರೋಗಿ ಕರೆಗಂಟೆ ಒತ್ತಿದಳೆಂಬುದು ದಾದಿಗೆ ತನ್ನ ಮಹಡಿಯಲ್ಲಿಯೇ ತಿಳಿಯಬೇಕು. ಈ ಅನುಕೂಲಗಳಿಲ್ಲದಿದ್ದರೆ ದಾದಿ ಎಂಬವಳು ಮೆಟ್ಟಿಲು ಹತ್ತಿ ಇಳಿಯುವ ಎರಡು ಕಾಲುಗಳಷ್ಟೇ ಆಗಿಬಿಡುತ್ತಾಳೆಂಬ ಅರ್ಥದ ಮಾತನ್ನು ಆಕೆ ಬರೆದಳು. ದಾದಿಗೆ ತಾಳ್ಮೆಯನ್ನು ಬೋಧಿಸುವ ಮೊದಲು ಆಕೆಯ ಕಾಲುಗಳಿಗೆ ಬಿಡುವು ಕೊಡುವ ಕೊಳವೆಯನ್ನು ಕೇಳಿದ ಈ ಕ್ರಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

1859ರಲ್ಲಿ ಬಂದ ‘ನೋಟ್ಸ್ ಆನ್ ನರ್ಸಿಂಗ್’ ಎಂಬ ಆಕೆಯ ಪುಸ್ತಕದಲ್ಲಿ ಸಣ್ಣಪುಟ್ಟ ವ್ಯವಸ್ಥೆಗಳನ್ನು ಕುರಿತ ಅಧ್ಯಾಯವೊಂದಿದೆ. ನೀವು ಇದ್ದಾಗ ಆಗುವ ಕೆಲಸ ನೀವು ಇಲ್ಲದಾಗಲೂ ಆಗುವಂತೆ ಏರ್ಪಾಡು ಮಾಡಬೇಕೆಂಬುದು ಅದರ ತಿರುಳು. ನಾನಿಲ್ಲದಿದ್ದರೆ ಇಲ್ಲಿ ಏನೂ ನಡೆಯದು ಎಂದು ಹೆಮ್ಮೆಪಡುವವರನ್ನು ಆಕೆ ಅಲ್ಲಿ ಟೀಕಿಸುತ್ತಾಳೆ. ಬೇರೆ ಯಾರಾದರೂ ಬಂದು ಕಪಾಟು, ಉಗ್ರಾಣ, ಲೆಕ್ಕದ ಪುಸ್ತಕ ನೋಡಿ ಕೆಲಸ ಮುಂದುವರಿಸಬಲ್ಲಂತೆ ಇಟ್ಟಿರುವುದೇ ನಿಜವಾದ ಹೆಮ್ಮೆ ಎಂಬುದು ಆಕೆಯ ಮತ. 1860ರಲ್ಲಿ ಸಂತ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾದುದರ ಹಿಂದೆಯೂ ಈ ತತ್ತ್ವವಿತ್ತು. ರಾತ್ರಿ ದುಡಿದವರು ಹಗಲಿನಲ್ಲಿ ಗದ್ದಲವಿಲ್ಲದ ಪ್ರತ್ಯೇಕ ಭಾಗದಲ್ಲಿ ಮಲಗುವಂತಿರಬೇಕೆಂದೂ ಆಕೆ ಸೂಚಿಸಿದ್ದಳು. ವಿಶ್ರಾಂತಿ ಅಲ್ಲಿ ದಯೆಯ ದಾನವಲ್ಲ, ಕಟ್ಟಡದ ನಕ್ಷೆಯಲ್ಲಿಯೇ ಸೇರಬೇಕಾದ ವಿಷಯ.

ಈ ತತ್ತ್ವ ಎಲ್ಲಿ ಸೋತಿತೆಂಬುದಕ್ಕೆ ಆಗ್ನೆಸ್ ಜೋನ್ಸಳ ಕಥೆ ಸಾಕ್ಷಿ. ಆಕೆ ಅದೇ ಶಾಲೆಯಲ್ಲಿ ಕಲಿತವಳು. ಲಿವರ್‌ಪೂಲ್ ನಗರದಲ್ಲಿ ನಿರ್ಗತಿಕರನ್ನಿರಿಸುತ್ತಿದ್ದ ವರ್ಕ್‌ಹೌಸ್ ಒಂದಿತ್ತು. ಅದರ ಆಸ್ಪತ್ರೆಯಲ್ಲಿ ಸುಮಾರು 1,200 ಮಂದಿ ರೋಗಿಗಳು. ತರಬೇತಿಯಿಲ್ಲದ ನಿರ್ಗತಿಕ ಹೆಂಗಸರೇ ಅವರನ್ನು ನೋಡಿಕೊಳ್ಳುತ್ತಿದ್ದರು. ವಿಲಿಯಂ ರಾತ್‌ಬೋನ್ ಎಂಬ ಉದಾರಿಯ ನೆರವಿನಿಂದ 1865ರಲ್ಲಿ ಆಗ್ನೆಸ್ ಹನ್ನೆರಡು ಮಂದಿ ತರಬೇತಾದ ದಾದಿಯರೊಡನೆ ಅಲ್ಲಿಗೆ ಹೋದಳು. ಮೂರು ವರ್ಷ ತುಂಬುವುದರೊಳಗೆ ಆ ಸ್ಥಳದ ಸ್ವರೂಪವನ್ನೇ ಬದಲಿಸಿದಳು. 1868ರ ಫೆಬ್ರವರಿಯಲ್ಲಿ ಟೈಫಸ್ ಜ್ವರದಿಂದ ಸತ್ತಳು. ವಯಸ್ಸು 35. ಹನ್ನೆರಡು ಮಂದಿಗೆ 1,200 ರೋಗಿಗಳು ಎಂಬ ಲೆಕ್ಕವನ್ನು ಸರಿಪಡಿಸಬಲ್ಲ ಸದ್ಗುಣ ಪ್ರಪಂಚದಲ್ಲಿ ಯಾವುದೂ ಇಲ್ಲ.

ಇಲ್ಲಿ ಒಂದು ಸತ್ಯವನ್ನು ಹೇಳದೆ ಬಿಡಬಾರದು. ಆಗ್ನೆಸಳನ್ನು ಕುರಿತು ಅದೇ ವರ್ಷ ನೈಟಿಂಗೇಲ್ ಬರೆದ ಲೇಖನ ಆಕೆಯನ್ನು ವೀರಾಂಗನೆಯನ್ನಾಗಿ ಚಿತ್ರಿಸಿ, ಆ ಸ್ಥಾನಕ್ಕೆ ಇನ್ನಷ್ಟು ಹೆಣ್ಣುಮಕ್ಕಳನ್ನು ಕರೆಯಿತು. ತನ್ನ ವಿಷಯದಲ್ಲಿಯೂ, ತನ್ನೊಡನೆ ದುಡಿದವರ ವಿಷಯದಲ್ಲಿಯೂ ನೈಟಿಂಗೇಲ್ ಕನಿಕರವಿಲ್ಲದವಳು. ಮಿತ್ರನೂ ಮಂತ್ರಿಯೂ ಆಗಿದ್ದ ಸಿಡ್ನಿ ಹರ್ಬರ್ಟ್ ಕಾಯಿಲೆಯಿಂದ ಕುಗ್ಗುತ್ತಿದ್ದಾಗಲೂ ಕೆಲಸ ಬಿಡಬಾರದೆಂದು ಒತ್ತಾಯಿಸಿದಳು. 1861ರಲ್ಲಿ ಆತ ತೀರಿಕೊಂಡ. ಹೀಗೆ ಒಬ್ಬಳೇ ವ್ಯಕ್ತಿಯಿಂದ ಜಗತ್ತಿಗೆ ಎರಡು ಪಾಠಗಳು ಬಂದವು. ದೇಹ ಸವೆಯುವ ತನಕ ದುಡಿ ಎಂಬುದು ಆಕೆಯ ಬದುಕಿನ ಪಾಠ. ಯಾರ ದೇಹವೂ ಸವೆಯದಂತೆ ಕೆಲಸವನ್ನು ಏರ್ಪಡಿಸು ಎಂಬುದು ಆಕೆಯ ಬರಹದ ಪಾಠ. ಮೊದಲನೆಯದಕ್ಕೆ ಖರ್ಚಿಲ್ಲ. ಆಡಳಿತಗಾರರು ಅದನ್ನೇ ಆರಿಸಿಕೊಂಡದ್ದು ಆಶ್ಚರ್ಯವೇನಲ್ಲ.

ನಮ್ಮ ದೇಶದ ಕಡೆಗೆ ಬರೋಣ. 1946ರಲ್ಲಿ ಭೋರ್ ಸಮಿತಿ ತನ್ನ ವರದಿ ಸಲ್ಲಿಸಿದಾಗ ಅವಿಭಕ್ತ ಭಾರತದಲ್ಲಿ ಸುಮಾರು 43,000 ಜನರಿಗೆ ಒಬ್ಬ ದಾದಿ ಇದ್ದಳು. ಲಿವರ್‌ಪೂಲಿನ ಲೆಕ್ಕವನ್ನೂ ನಾಚಿಸುವ ಲೆಕ್ಕವಿದು. 1977ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ದಾದಿಯರ ದುಡಿಮೆಯನ್ನು ಕುರಿತ ಒಪ್ಪಂದವನ್ನೂ ಶಿಫಾರಸನ್ನೂ ಅಂಗೀಕರಿಸಿತು. ಎರಡು ಪಾಳಿಗಳ ನಡುವೆ ಕನಿಷ್ಠ 12 ಗಂಟೆಗಳ ಬಿಡುವಿರಬೇಕೆಂದು ಆ ಶಿಫಾರಸು ಹೇಳುತ್ತದೆ. ಹಾರ್ಲಿ ಬೀದಿಯ ಬಿಸಿನೀರಿನ ಕೊಳವೆಯಿಂದ ಆರಂಭವಾದ ಮಾತು ಗಡಿಯಾರದ ಮುಳ್ಳಿಗೆ ಮುಟ್ಟಲು ನೂರಿಪ್ಪತ್ತನಾಲ್ಕು ವರ್ಷ ಹಿಡಿಯಿತು.

ನಮ್ಮ ಹಳ್ಳಿಗಳಲ್ಲಿ ಮನೆಮನೆಗೆ ನಡೆದು ಬಸುರಿ ಬಾಣಂತಿಯರನ್ನು ವಿಚಾರಿಸುವ ಆಶಾ ಕಾರ್ಯಕರ್ತೆಯರನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೌರವಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಅದೇ ಆಶಾ ಕಾರ್ಯಕರ್ತೆಯರು ನಿಶ್ಚಿತ ಮಾಸಿಕ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಅಹೋರಾತ್ರಿ ಕುಳಿತರು. ಹೊಗಳಿಕೆಗೂ ಏರ್ಪಾಡಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಆರೈಕೆಯ ವೃತ್ತಿಯಲ್ಲಿರುವ ಸೋದರಿಯರಿಗೆ ಆರೋಗ್ಯ ಕಾಪಾಡಿಕೊಳ್ಳಿ ಎಂದು ಬುದ್ಧಿ ಹೇಳುವವರು ಈಗ ಬಹಳ ಮಂದಿ. ಆ ಬುದ್ಧಿಮಾತು ಒಳ್ಳೆಯದೇ. ಆದರೆ ಬದಲಿಗೆ ಬರುವ ಕೈ ಇಲ್ಲದಲ್ಲಿ ಒಬ್ಬಳು ವಿಶ್ರಮಿಸಿದರೆ ರೋಗಿ ನರಳುತ್ತಾನೆ. ಅದು ತಿಳಿದೇ ಆಕೆ ಏಳುತ್ತಾಳೆ, ತಿರುಗಿ ದುಡಿಯುತ್ತಾಳೆ. ಆದ್ದರಿಂದ ವಿಶ್ರಾಂತಿಯನ್ನು ಆಕೆಯ ಇಷ್ಟಕ್ಕೆ ಬಿಡದೆ ಪಾಳಿಯ ಪಟ್ಟಿಯಲ್ಲಿ ಬರೆಯಬೇಕು. ಆ ಪಟ್ಟಿಯಲ್ಲಿ ಸಾಕಷ್ಟು ಹೆಸರುಗಳೂ ಇರಬೇಕು. ಮುಂದಿನ ಮೇ 12ರಂದು ದೀಪ ಹಚ್ಚುವ ಮುನ್ನ ಆಸ್ಪತ್ರೆಯ ಹಿರಿಯರು ಆ ಪಟ್ಟಿಯನ್ನೊಮ್ಮೆ ತರಿಸಿ ನೋಡಲಿ. ನೈಟಿಂಗೇಲ್ ಇದ್ದಿದ್ದರೆ ಮೊದಲು ಕೇಳುತ್ತಿದ್ದುದು ಅದನ್ನೇ.