ಮನೆಗೆ ಬಂದ ಧ್ವನಿಯಂತ್ರ ಮತ್ತು ಮಾನೋನ್ಮಾನದ ವಿಚಾರ

ಮನೆಯಲ್ಲಿ ಸಂಗೀತ ಕೇಳುವ ಯಂತ್ರವೊಂದನ್ನು ಕೊಂಡ ಸಂತೋಷವೂ, ಅದು ನಿರೀಕ್ಷೆಯನ್ನು ಹುಸಿಗೊಳಿಸಿದಾಗ ಉಂಟಾಗುವ ಪಶ್ಚಾತ್ತಾಪವೂ ಕಳೆದ ನೂರು ವರ್ಷಗಳ ಕುಟುಂಬಜೀವನದಲ್ಲಿ ಮತ್ತೆ ಮತ್ತೆ ಕಂಡುಬರುವ ಸಂಗತಿಗಳು. ಗ್ರಾಮಾಫೋನು, ರೇಡಿಯೋ, ಟೇಪ್ ರೆಕಾರ್ಡರ್, ಸ್ಟೀರಿಯೋ ಹೀಗೆ ಒಂದೊಂದು ಕಾಲದಲ್ಲಿ ಒಂದೊಂದು ಯಂತ್ರವು ಪಡಸಾಲೆಯ ಗೌರವಸ್ಥಾನವನ್ನು ಪಡೆದು, ಮುಂದೆ ಅಟ್ಟವನ್ನು ಸೇರಿತು. ಇದೆಲ್ಲವನ್ನೂ ಯಂತ್ರದ ದೋಷವೆಂದು ತಳ್ಳಿಹಾಕುವಂತಿಲ್ಲ. ಕೊಳ್ಳುವವನಿಗೆ ಏನನ್ನು ಹೇಳಲಾಯಿತು, ಏನನ್ನು ಹೇಳದೆ ಬಿಡಲಾಯಿತು, ಅವನು ಏನನ್ನು ಕೇಳದೆ ಹೋದನು ಎಂಬ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಈ ಯಂತ್ರಗಳ ಇತಿಹಾಸವು ವ್ಯವಹಾರನೀತಿಯ ಇತಿಹಾಸವೂ ಆಗುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳ ಪ್ರದೇಶವು ಈ ವಿಚಾರಕ್ಕೆ ತಕ್ಕ ಭೂಮಿಕೆ. ಬ್ರಿಟಿಷರ ಆಳ್ವಿಕೆಯಲ್ಲಿ ಬೈಲಹೊಂಗಲವು ಸಂಪಗಾಂವ ತಾಲೂಕಿಗೂ, ಸವದತ್ತಿಯು ಪರಸಗಡ ತಾಲೂಕಿಗೂ ಕೇಂದ್ರವಾಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಕಿತ್ತೂರು ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಗ್ರಾಮಾಫೋನಿನ ಕಾಲದಿಂದ ಕ್ಯಾಸೆಟ್ಟಿನ ಕಾಲದವರೆಗೆ ಈ ನಾಲ್ಕು ಊರುಗಳಲ್ಲಿ ಒಂದನ್ನೂ ರೈಲು ಮುಟ್ಟಲಿಲ್ಲ. ಬೈಲಹೊಂಗಲದ ಹತ್ತಿಯೂ ರಾಮದುರ್ಗದ ಮಗ್ಗದ ಸೀರೆಯೂ ರಸ್ತೆಯ ಮೂಲಕವೇ ಹೊರಗೆ ಹೋಗಬೇಕು. ಪೇಟೆಯ ಹೊಸ ಸಾಮಾನು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ ರಸ್ತೆಯ ಮೂಲಕವೇ ಬರಬೇಕು. ಬಂದ ಯಂತ್ರ ಕೆಟ್ಟರೆ ಅದೇ ದಾರಿಯಲ್ಲಿ ಹಿಂದಕ್ಕೆ ಹೊರಡಬೇಕು. ದೊಡ್ಡ ನಗರದಲ್ಲಿ ಸಣ್ಣದೆನಿಸುವ ದೋಷವು ಇಲ್ಲಿ ಎರಡು ದಿನದ ಕೆಲಸವನ್ನೂ ಪ್ರಯಾಣದ ಖರ್ಚನ್ನೂ ನುಂಗುವ ದೋಷವಾಗುತ್ತಿತ್ತು.

ಆದರೂ ಯಂತ್ರದ ಆಸೆ ಸಹಜವಾಗಿತ್ತು. ಈ ಸೀಮೆ ಸಂಗೀತದ ಸೀಮೆ. ಧಾರವಾಡದ ಬಳಿಯ ಮನ್ಸೂರಿನ ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿ ಗ್ರಾಮಾಫೋನು ಮುದ್ರಿಕೆಗಳಿಗೆ ಹಾಡಿದ್ದರು. ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು (1914–2017) ವೃತ್ತಿರಂಗಭೂಮಿಯ ಹಾಡುಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದರು. ಜಾತ್ರೆಯಲ್ಲಿ, ನಾಟಕದ ಕಂಪನಿಯಲ್ಲಿ ಕೇಳಿದ ಧ್ವನಿಯು ಮನೆಯಲ್ಲಿಯೂ ಕೇಳಿಸಬೇಕೆಂಬ ಬಯಕೆಯಲ್ಲಿ ತಪ್ಪೇನೂ ಇರಲಿಲ್ಲ.

ಅರಗಿನ ತಟ್ಟೆ

ಎಡಿಸನ್ 1877ರಲ್ಲಿ ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ರಚಿಸಿದನು. ಎಮಿಲಿ ಬರ್ಲಿನರ್ 1887ರಲ್ಲಿ ಚಪ್ಪಟೆ ತಟ್ಟೆಯ ಗ್ರಾಮಾಫೋನಿಗೆ ಹಕ್ಕುಪತ್ರ ಪಡೆದನು. ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡನು. ಆರಂಭದಲ್ಲಿ ಆ ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗಿ ಹಡಗಿನಲ್ಲಿ ಮರಳಿ ಬರುತ್ತಿದ್ದವು. 1908ರಲ್ಲಿ ಕಲಕತ್ತೆಯಲ್ಲಿಯೇ ಕಾರ್ಖಾನೆ ಆರಂಭವಾದ ಮೇಲೆ ಅವು ಒಳನಾಡಿನ ಪೇಟೆಗಳನ್ನೂ ತಲುಪತೊಡಗಿದವು.

ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರೂವರೆ ನಿಮಿಷದ ಹಾಡಿಗೆ ಮಾತ್ರ ಸ್ಥಳ. ಗಂಟೆಗಟ್ಟಲೆ ಬೆಳೆಯಬೇಕಾದ ರಾಗವು ಮೂರು ನಿಮಿಷಕ್ಕೆ ಕುಗ್ಗಿತು. ಇದು ಕೇಳುಗನ ಮೊದಲ ನಿರಾಶೆ. ಎರಡನೆಯದು ಉಕ್ಕಿನ ಸೂಜಿಯದು. ತಟ್ಟೆಯ ಮಿಶ್ರಣದಲ್ಲಿ ಅರಗಿನೊಡನೆ ಕಲ್ಲಿನ ಪುಡಿಯೂ ಸೇರಿರುತ್ತಿತ್ತು. ಅದು ಸೂಜಿಯನ್ನು ಸವೆಸುತ್ತಿತ್ತು. ಒಂದು ಮಗ್ಗುಲಿಗೆ ಒಂದು ಸೂಜಿ ಎಂಬುದು ತಯಾರಕರ ಸೂಚನೆ. ಮಿತವ್ಯಯಿಯಾದ ಗೃಹಸ್ಥನು ಒಂದೇ ಸೂಜಿಯಿಂದ ಹಲವು ಬಾರಿ ನುಡಿಸಿದರೆ, ಸವೆದ ಸೂಜಿಯು ತಟ್ಟೆಯ ಗೀರನ್ನೇ ಕೆರೆದು ಹಾಡನ್ನು ಕರಕರ ಶಬ್ದವಾಗಿಸುತ್ತಿತ್ತು. ಸೂಜಿಯಲ್ಲಿ ಉಳಿಸಿದ ಕಾಸು ತಟ್ಟೆಯಲ್ಲಿ ನಷ್ಟವಾಗುತ್ತಿತ್ತು. ಬೇಸಿಗೆಯ ಬಿಸಿಲು ತಾಗಿದರೆ ತಟ್ಟೆ ಬಾಗುತ್ತಿತ್ತು. ಕೈ ಜಾರಿದರೆ ಒಡೆಯುತ್ತಿತ್ತು.

ಜೈನ ಗೃಹಸ್ಥನಿಗೆ ಇದರಲ್ಲಿ ಇನ್ನೊಂದು ಗಂಭೀರವಾದ ವಿಚಾರವಿತ್ತು. ಅರಗು ಮರದ ಅಂಟಲ್ಲ. ಮುತ್ತುಗ, ಜಾಲದಂತಹ ಮರಗಳ ರೆಂಬೆಗಳಲ್ಲಿ ನೆಲೆಸುವ ಸೂಕ್ಷ್ಮ ಕೀಟಗಳು ಸ್ರವಿಸುವ ವಸ್ತು ಅದು. ರೆಂಬೆಯಿಂದ ಅದನ್ನು ಕೆರೆದು ತೆಗೆಯುವಾಗ ಅಸಂಖ್ಯ ಜೀವಿಗಳು ನಾಶವಾಗುತ್ತವೆ. ಈ ಕಾರಣದಿಂದಲೇ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ, ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರವೃತ್ತಿಗಳಲ್ಲಿ ಲಾಕ್ಷಾವಾಣಿಜ್ಯ, ಎಂದರೆ ಅರಗಿನ ವ್ಯಾಪಾರವು ಸೇರಿದೆ. ಭಕ್ತಿಗೀತೆಯ ತಟ್ಟೆಯನ್ನು ಕೊಂಡ ಗೃಹಸ್ಥನಿಗೆ ಅದು ಯಾವುದರಿಂದ ಆಗಿದೆಯೆಂದು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. 1948ರಲ್ಲಿ ಅಮೆರಿಕದಲ್ಲಿ ಹೊರಬಂದ ದೀರ್ಘಮುದ್ರಿಕೆಯು ವಿನೈಲ್ ಎಂಬ ಕೃತಕ ವಸ್ತುವಿನಿಂದ ಆದದ್ದು. ಅದು ಕ್ರಮೇಣ ಅರಗಿನ ತಟ್ಟೆಯನ್ನು ಹಿಂದಿಕ್ಕಿತು. ಆ ಹಿಂಸೆ ತಪ್ಪಿದುದು ಗ್ರಾಹಕರ ವಿವೇಕದಿಂದಲ್ಲ, ತಂತ್ರಜ್ಞಾನದ ಬದಲಾವಣೆಯಿಂದ ಎಂಬುದು ಗಮನಾರ್ಹ.

ಬ್ಯಾಟರಿಯ ಬಾನುಲಿ

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು. ಕಿತ್ತೂರು, ಸವದತ್ತಿ, ಬೈಲಹೊಂಗಲಗಳಿಗೆ ಅದು ನೆರೆಯ ಊರಿನ ಧ್ವನಿ. ರೇಡಿಯೋ ಕೊಳ್ಳುವ ಉತ್ಸಾಹಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. ಆದರೆ ಆ ಕಾಲದ ರೇಡಿಯೋಗಳು ಗಾಜಿನ ವಾಲ್ವುಗಳಿಂದ ನಡೆಯುವಂಥವು. ವಿದ್ಯುತ್ತು ಬಾರದ ಹಳ್ಳಿಯಲ್ಲಿ ಅವಕ್ಕೆ ಒಣ ಬ್ಯಾಟರಿಯೇ ಗತಿ. ವಾಲ್ವುಗಳ ತಂತಿಯನ್ನು ಕಾಯಿಸಲು 1.5 ವೋಲ್ಟಿನದೊಂದು, ಒಳಗಿನ ಮಂಡಲಕ್ಕೆ 90 ವೋಲ್ಟಿನದೊಂದು. ರೇಡಿಯೋದ ಬೆಲೆಯನ್ನು ಲೆಕ್ಕ ಹಾಕಿದ ಯಜಮಾನನು ಬ್ಯಾಟರಿಯ ಬೆಲೆಯನ್ನು ಲೆಕ್ಕ ಹಾಕಿರುವುದಿಲ್ಲ. ಬ್ಯಾಟರಿ ತೀರಿದ ಮೇಲೆ ಮುಂದಿನ ಸುಗ್ಗಿಯವರೆಗೆ ರೇಡಿಯೋ ಮೂಕ. ಇದರ ಮೇಲೆ 1933ರ ವೈರ್‌ಲೆಸ್ ಕಾಯಿದೆಯಂತೆ ಪರವಾನಿಗೆ ಬೇರೆ. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟಬೇಕಾಗಿದ್ದ ಈ ಪದ್ಧತಿಯು 1980ರ ದಶಕದಲ್ಲಿ ರದ್ದಾಯಿತು.

ಇನ್ನೊಂದು ಬಗೆಯ ಪಶ್ಚಾತ್ತಾಪವು ಅಗತ್ಯ ಮೀರಿದ ಕೊಳ್ಳುವಿಕೆಯಿಂದ ಹುಟ್ಟಿದುದು. ದೊಡ್ಡ ರೇಡಿಯೋಗಳ ಗಾಜಿನ ಫಲಕದ ಮೇಲೆ ಲಂಡನ್, ಪ್ಯಾರಿಸ್ ಮೊದಲಾದ ನಗರಗಳ ಹೆಸರುಗಳು ಅಚ್ಚಾಗಿರುತ್ತಿದ್ದವು. ಜಗತ್ತೇ ಮನೆಗೆ ಬರುತ್ತದೆಂಬ ಭಾವನೆಯಿಂದ ಜನರು ಹಲವು ಬ್ಯಾಂಡುಗಳ ರೇಡಿಯೋವನ್ನು ಹೆಚ್ಚಿನ ಬೆಲೆಗೆ ಕೊಂಡರು. ಆದರೆ ಕಿರುತರಂಗದ ಧ್ವನಿಯು ಆಕಾಶದ ಮೇಲ್ಪದರದಿಂದ ಪ್ರತಿಫಲಿಸಿ ಬರುವಂಥದು. ಗಳಿಗೆಗೊಮ್ಮೆ ಏರುತ್ತದೆ, ಗಳಿಗೆಗೊಮ್ಮೆ ಇಳಿಯುತ್ತದೆ. ಸಿನಿಮಾ ಹಾಡಿಗಾಗಿ ರೇಡಿಯೋ ಸಿಲೋನನ್ನು ಹುಡುಕುವವರಿಗೆ ಅದು ಬೇಕಾಗಿತ್ತು, ನಿಜ. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾದ ಬಳಿಕ ಆ ಅಗತ್ಯವೂ ತಗ್ಗುತ್ತ ಬಂದಿತು. ಸಂಗೀತ, ಕೃಷಿವಾರ್ತೆ, ಕನ್ನಡದ ನಾಟಕಗಳಿಗಾಗಿ ಧಾರವಾಡವನ್ನಷ್ಟೇ ಕೇಳುವ ಮನೆಗೆ ಒಂದು ಬ್ಯಾಂಡಿನ ಸಾಧಾರಣ ರೇಡಿಯೋ ಸಾಕಾಗಿತ್ತು. 1960ರ ದಶಕದಲ್ಲಿ ಟಾರ್ಚಿನ ಸೆಲ್ಲುಗಳಿಂದ ನಡೆಯುವ ಟ್ರಾನ್ಸಿಸ್ಟರ್ ರೇಡಿಯೋ ಬಂದು ಹೊಲದ ಬದುವಿನ ಮೇಲೂ ಕುಳಿತಾಗ, ಮರದ ಪೆಟ್ಟಿಗೆಯ ದೊಡ್ಡ ರೇಡಿಯೋ ಮೂಲೆ ಸೇರಿತು.

ತೆಳುವಾದ ಪಟ್ಟಿ

ಹಾಲೆಂಡಿನ ಫಿಲಿಪ್ಸ್ ಕಂಪನಿಯು 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದಿತು. ಮನೆಯವರೇ ಧ್ವನಿಯನ್ನು ಮುದ್ರಿಸಿಕೊಳ್ಳುವ ಸೌಲಭ್ಯ ಇದರಿಂದ ಸುಲಭವಾಯಿತು. ಮುನಿಗಳ ಪ್ರವಚನ, ಅಜ್ಜಿಯ ಜೋಗುಳ, ಪಂಚಕಲ್ಯಾಣದ ವಾದ್ಯಘೋಷ, ಮದುವೆಯ ಸೋಬಾನೆ ಎಲ್ಲವೂ ಅಂಗೈಯಗಲದ ಪೆಟ್ಟಿಗೆಯಲ್ಲಿ ಉಳಿಯಬಹುದಾಯಿತು. ಆದುದರಿಂದಲೇ ಕ್ಯಾಸೆಟ್ಟು ತಂದ ನಷ್ಟವು ಹಿಂದಿನ ಯಂತ್ರಗಳ ನಷ್ಟಕ್ಕಿಂತ ಹೆಚ್ಚು ನೋವಿನದು. ಒಡೆದ ಗ್ರಾಮಾಫೋನು ತಟ್ಟೆಯ ಇನ್ನೊಂದು ಪ್ರತಿ ಅಂಗಡಿಯಲ್ಲಿ ದೊರೆಯುತ್ತಿತ್ತು. ಅಗಲಿದ ಹಿರಿಯರ ಧ್ವನಿಗೆ ಇನ್ನೊಂದು ಪ್ರತಿ ಇರುವುದಿಲ್ಲ.

ನಷ್ಟಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಸಿ-60 ಎಂಬ ಒಂದು ಗಂಟೆಯ ಕ್ಯಾಸೆಟ್ಟಿನ ಪಟ್ಟಿಯು ಸುಮಾರು 18 ಮೈಕ್ರಾನ್ ದಪ್ಪವಿರುತ್ತದೆ. ಸಿ-90ರದು ಸುಮಾರು 12. ಎರಡು ಗಂಟೆಯ ಸಿ-120ರದು ಸುಮಾರು 9 ಮಾತ್ರ. ಅದೇ ಪೆಟ್ಟಿಗೆಯಲ್ಲಿ ಎರಡರಷ್ಟು ಕಾಲವನ್ನು ತುಂಬಬೇಕಾದರೆ ಪಟ್ಟಿಯನ್ನು ತೆಳುಗೊಳಿಸದೆ ಬೇರೆ ಮಾರ್ಗವಿಲ್ಲ. ಅಂತಹ ಪಟ್ಟಿಯು ಹಿಗ್ಗುತ್ತದೆ, ರಬ್ಬರಿನ ಉರುಳೆಗೆ ಸುತ್ತಿಕೊಳ್ಳುತ್ತದೆ, ಹರಿಯುತ್ತದೆ. ಬಹುಕಾಲ ಇಟ್ಟರೆ ಒಂದು ಸುತ್ತಿನ ಧ್ವನಿಯು ಪಕ್ಕದ ಸುತ್ತಿಗೆ ಮೂಡಿ, ಮಾತಿಗೆ ಮೊದಲೇ ಮಾತಿನ ನೆರಳು ಕೇಳಿಸುತ್ತದೆ. ಅನೇಕ ಯಂತ್ರಗಳ ಕೈಪಿಡಿಯಲ್ಲಿಯೇ ಸಿ-120 ಬಳಸಬಾರದೆಂಬ ಸೂಚನೆಯಿರುತ್ತಿತ್ತು. ಆದರೆ ಅಂಗಡಿಯಲ್ಲಿ ನಿಂತವನಿಗೆ ಎರಡು ಗಂಟೆ ಎಂಬುದು ಕಾಣುತ್ತಿತ್ತು, ಒಂಬತ್ತು ಮೈಕ್ರಾನ್ ಎಂಬುದು ಕಾಣುತ್ತಿರಲಿಲ್ಲ. ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯ ಧೂಳು ಯಂತ್ರದ ತಲೆಗೆ ಮೆತ್ತಿಕೊಳ್ಳುತ್ತಿತ್ತು. ಮಲೆನಾಡಿನ ಅಂಚಿಗೆ ಸಮೀಪವಾದ ಕಿತ್ತೂರಿನ ಕಡೆ ಮಳೆಗಾಲದ ತೇವವು ಪಟ್ಟಿಗೆ ಬೂಷ್ಟು ಹಿಡಿಸುತ್ತಿತ್ತು.

1980ರ ದಶಕದಲ್ಲಿ ಕ್ಯಾಸೆಟ್ಟಿನ ವ್ಯಾಪಾರವು ಬಹಳವಾಗಿ ಬೆಳೆಯಿತು. ಕಳ್ಳಪ್ರತಿಗಳೂ ಹಾಗೆಯೇ ಬೆಳೆದವು. ಹೆಸರಾಂತ ಕಂಪನಿಯ ಹೊದಿಕೆ, ಒಳಗೆ ಕೀಳು ಪಟ್ಟಿ. ಇದನ್ನು ತಡೆಯಲು 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿ ತಂದು ಶಿಕ್ಷೆಯನ್ನು ಹೆಚ್ಚಿಸಲಾಯಿತು. ಅದೇ ಕಾಲದಲ್ಲಿ ಸುಂಕ ತಪ್ಪಿಸಿ ಬಂದ ಪರದೇಶದ ಟೂ-ಇನ್-ಒನ್‌ಗಳಿಗೂ ಬೇಡಿಕೆಯಿತ್ತು. ರಸೀದಿಯಿಲ್ಲದ ಆ ಯಂತ್ರವು ಕೆಟ್ಟರೆ ಕೇಳುವ ಹಕ್ಕೂ ಇರಲಿಲ್ಲ, ಬಿಡಿಭಾಗವೂ ಸಿಗುತ್ತಿರಲಿಲ್ಲ.

ವಾಟ್ ಎಂಬ ಅಳತೆ

ಮುಂದೆ ಬಂದ ಸ್ಟೀರಿಯೋಗಳ ಮೇಲೆ ‘ಪಿ.ಎಂ.ಪಿ.ಒ.’ ಎಂಬ ಅಕ್ಷರಗಳೊಡನೆ ನೂರಾರು ವಾಟ್‌ಗಳ ಸಂಖ್ಯೆಯು ದೊಡ್ಡದಾಗಿ ಅಚ್ಚಾಗಿರುತ್ತಿತ್ತು. ಕ್ಷಣದ ಅತಿ ಸಣ್ಣ ಭಾಗದಲ್ಲಿ, ಕಲ್ಪಿತವಾದ ಸ್ಥಿತಿಯಲ್ಲಿ ಮುಟ್ಟಬಹುದಾದ ಶಿಖರವೆಂದು ಹೇಳುವ ಸಂಖ್ಯೆ ಇದು. ಇದಕ್ಕೆ ಸರ್ವಸಮ್ಮತವಾದ ಅಳತೆಯ ಕ್ರಮವೇ ಇಲ್ಲ. ಯಂತ್ರವು ಎಡೆಬಿಡದೆ ಕೊಡುವ ಶಕ್ತಿ ಬೇರೆ. ಅದು ಕೆಲವೇ ವಾಟ್ ಇರಬಹುದು. ಹಿಂಬದಿಯ ಫಲಕವನ್ನು ಓದಿದರೆ ಗುಟ್ಟು ತಿಳಿಯುತ್ತದೆ. ವಿದ್ಯುತ್ತಿನಿಂದ 20 ವಾಟ್ ಪಡೆಯುವ ಯಂತ್ರವು ನಿರಂತರವಾಗಿ 500 ವಾಟ್ ಕೊಡಲಾರದು. ಪಡೆದುದಕ್ಕಿಂತ ಹೆಚ್ಚನ್ನು ಕೊಡುವ ಯಂತ್ರ ಜಗತ್ತಿನಲ್ಲಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿಯೇ ಮನೆಬಳಕೆಯ ಆಂಪ್ಲಿಫೈಯರುಗಳ ನಿರಂತರ ಶಕ್ತಿಯನ್ನು ಜಾಹೀರಾತಿನಲ್ಲಿ ತಿಳಿಸಬೇಕೆಂದು ನಿಯಮ ಮಾಡಿತು. ಭಾರತದಲ್ಲಿ 1986ರ ಗ್ರಾಹಕ ರಕ್ಷಣಾ ಕಾಯಿದೆಯು ಜಿಲ್ಲೆಯ ಮಟ್ಟದಲ್ಲಿಯೇ ದೂರು ಕೊಡುವ ಅವಕಾಶವನ್ನು ಕಲ್ಪಿಸಿತು. ಈಗ ಅದರ ಸ್ಥಾನದಲ್ಲಿ 2019ರ ಕಾಯಿದೆಯಿದೆ.

ಕಾಯಿದೆಗಳು ಇತ್ತೀಚಿನವು, ದೋಷವು ಪುರಾತನ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಳವಿಗೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು, ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ನಕಲಿಯನ್ನು ಅಸಲಿಯೆಂದು ನಡೆಸುವುದು. ಕಳ್ಳಪ್ರತಿಯ ಕ್ಯಾಸೆಟ್ಟು, ಸುಂಕ ತಪ್ಪಿಸಿದ ಟೂ-ಇನ್-ಒನ್, ಹುಸಿ ವಾಟ್‌ಗಳ ಸ್ಟೀರಿಯೋ ಇವೆಲ್ಲವೂ ಈ ಪಟ್ಟಿಯೊಳಗೇ ಬರುತ್ತವೆ. ಹೀನಾಧಿಕಮಾನೋನ್ಮಾನವೆಂದರೆ ತಕ್ಕಡಿಯ ಮೋಸ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯೂ ಒಂದು ತಕ್ಕಡಿಯೇ. ಈ ಅತಿಚಾರಗಳಲ್ಲಿ ಮಾರುವವನಷ್ಟೇ ಅಲ್ಲ, ಕೊಳ್ಳುವವನೂ ಇದ್ದಾನೆಂಬುದನ್ನು ಮರೆಯಬಾರದು. ಅಗ್ಗವೆಂದು ತಿಳಿದೂ ತಿಳಿದೂ ಕಳ್ಳಮಾಲನ್ನು ತಂದವನು ತಾನು ಮೋಸಹೋದೆನೆಂದು ದೂರುವುದು ಅರ್ಧ ಸತ್ಯ ಮಾತ್ರ.

ಗೃಹಸ್ಥನ ಕರ್ತವ್ಯ

ಇಂದು ಅಂಗೈಯಲ್ಲಿ ಹಿಡಿಯುವ ಬ್ಲೂಟೂತ್ ಸ್ಪೀಕರು ಆ ಸ್ಥಾನಕ್ಕೆ ಬಂದಿದೆ. ಅದರ ಒಳಗಿನ ಲಿಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಕ್ಷೀಣಿಸುತ್ತದೆ. ಅನೇಕ ಮಾದರಿಗಳಲ್ಲಿ ಅದನ್ನು ಬದಲಿಸುವ ಅನುಕೂಲವೇ ಇಲ್ಲ. ಸೂಜಿ, ಒಣ ಬ್ಯಾಟರಿ, ತೆಳು ಪಟ್ಟಿಗಳ ಕಥೆಯೇ ಹೊಸ ರೂಪದಲ್ಲಿ ಮರಳಿದೆ. ಆದುದರಿಂದ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳೂ ಹಳೆಯವೇ: ಇದು ಏತರಿಂದ ಆಗಿದೆ? ದಿನದಿನಕ್ಕೆ ಏನನ್ನು ಬೇಡುತ್ತದೆ? ಕೆಟ್ಟರೆ ಎಲ್ಲಿ ದುರಸ್ತಿಯಾಗುತ್ತದೆ? ಮನೆಗೆ ನಿಜವಾಗಿ ಬೇಕಾದುದು ಎಷ್ಟು? ಕೊನೆಯ ಪ್ರಶ್ನೆಯೇ ಪರಿಗ್ರಹ ಪರಿಮಾಣದ ಪ್ರಶ್ನೆ.

ಕೆಟ್ಟುಹೋದ ಯಂತ್ರವನ್ನು ಬಸದಿಗೆ ಒಪ್ಪಿಸುವುದು ದಾನವಾಗದು. ಮನೆಗೆ ಬೇಡವಾದ ಭಾರವನ್ನು ದೇವರ ಕಟ್ಟೆಗೆ ಇಳಿಸಿದಂತಾಗುತ್ತದೆ. ಅಂತಹ ಯಂತ್ರಗಳ ವಿಲೇವಾರಿಗೆ 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರ ವ್ಯವಸ್ಥೆಯಿದೆ. ಬಸದಿಯ ಟ್ರಸ್ಟುಗಳು ಮಾಡಬಹುದಾದ ಉಪಕಾರವು ಬೇರೊಂದಿದೆ. ಮನೆಮನೆಯ ಪೆಟ್ಟಿಗೆಗಳಲ್ಲಿ ಪ್ರವಚನಗಳ, ಹಿರಿಯರು ಹಾಡಿದ ಸ್ತೋತ್ರಗಳ ಕ್ಯಾಸೆಟ್ಟುಗಳು ಇನ್ನೂ ಉಳಿದಿರುತ್ತವೆ. ಪಟ್ಟಿಯು ವರ್ಷವರ್ಷಕ್ಕೆ ಕ್ಷೀಣಿಸುತ್ತಿದೆ. ನುಡಿಸುವ ಯಂತ್ರಗಳೂ ದುರಸ್ತಿ ಬಲ್ಲವರೂ ವಿರಳವಾಗುತ್ತಿದ್ದಾರೆ. ಒಂದು ಸುಸ್ಥಿತಿಯ ಯಂತ್ರವನ್ನು ಸಂಪಾದಿಸಿ, ಆ ಕ್ಯಾಸೆಟ್ಟುಗಳನ್ನು ತರಿಸಿ, ಗಣಕಯಂತ್ರಕ್ಕೆ ಇಳಿಸಿ, ಎರಡು ಕಡೆ ಪ್ರತಿಯಿಟ್ಟು, ಮೂಲವನ್ನು ಮನೆಯವರಿಗೆ ಮರಳಿಸುವ ಕೆಲಸಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಯಂತ್ರಕ್ಕಾಗಿ ವ್ಯಯವಾದ ಧನವು ಹೋಯಿತು. ಅದು ಹಿಡಿದಿಟ್ಟ ಧ್ವನಿಯನ್ನಾದರೂ ಉಳಿಸಿಕೊಳ್ಳಲು ಕಾಲ ಮೀರಿಲ್ಲ.